ಮುಳುಗುವವನ ಪಾತ್ರ

ಖಾಡಿಯಲ್ಲಿ ಹೆಣ ತೇಲಿದರೆ ಪೊಲೀಸರು ಚನಿಯನನ್ನು ಕರೆಯುತ್ತಿದ್ದರು. ಜೀವಂತ ಮನುಷ್ಯ ಬಿದ್ದರೆ ಯಾರೂ ಯಾರನ್ನೂ ಕರೆಯುತ್ತಿರಲಿಲ್ಲ. ಕರೆಯುವಷ್ಟರಲ್ಲಿ ಅವನೂ ಹೆಣವಾಗಿರುತ್ತಿದ್ದ.

ಮುಂಬಯಿ ಹತ್ತಿರದ ಕಲ್ಯಾಣದಲ್ಲಿ, ಸಮುದ್ರದ ನೀರು ಒಳಬರುವ ಖಾಡಿಯ ದಂಡೆಯ ಚಾಳಿನಲ್ಲಿ ಚನಿಯ ಮೂವತ್ತು ವರ್ಷದಿಂದ ಇದ್ದ. ಮೊದಲ ಹದಿನೆಂಟು ವರ್ಷ ರೇತಿ ತೆಗೆದ. ನಮ್ಮ ಕಡೆ ಹೊಯ್ಗೆ, ಮರಳು ಅನ್ನುವುದಕ್ಕೆ ಇಲ್ಲಿ ರೇತಿ. ದೋಣಿಯಿಂದ ಬಿದಿರಿನ ಗಳ ಹಿಡಿದುಕೊಂಡು ಮೂವತ್ತು ನಲವತ್ತು ಅಡಿ ಕೆಳಗೆ ಇಳಿಯಬೇಕು. ಕೈಯಲ್ಲಿ ಕಬ್ಬಿಣದ ಬಾಲ್ದಿ. ಕೆಳಗೆ ಕಣ್ಣು ಬಿಟ್ಟರೂ ಒಂದೇ, ಮುಚ್ಚಿದರೂ ಒಂದೇ. ಒಂದೇ ಉಸಿರಿನಲ್ಲಿ ಬಾಲ್ದಿ ತುಂಬಿಸಿ ಹಗ್ಗ ಜಗ್ಗಬೇಕು. ಮೇಲಿದ್ದವರು ಎಳೆದುಕೊಳ್ಳುತ್ತಾರೆ. ಮೇಲೆ ಬಂದು ನಾಲ್ಕು ಸಲ ಉಸಿರಾಡಿ ಮತ್ತೆ ಕೆಳಗೆ. ದಿನಕ್ಕೆ ನೂರೈವತ್ತು, ಇನ್ನೂರು ಸಲ. ಆ ರೇತಿಯಿಂದ ಘೋಡಬಂದರ್ ರಸ್ತೆಯಲ್ಲಿ ಕಟ್ಟಡಗಳು ಎದ್ದವು. ಚನಿಯನ ಎಡಗಿವಿಯಿಂದ ರಕ್ತ ಬಂತು. ಆಮೇಲೆ ಆ ಕಿವಿ ಕೇಳಲೇ ಇಲ್ಲ.

ರೇತಿ ತೆಗೆಯುವುದು ನಿಂತ ಮೇಲೆ ಅವನು ಅದೇ ಕಟ್ಟಡಗಳ ಪಾಯಿಖಾನೆ ಟಾಕಿಗಳಿಗೆ ಇಳಿದ. ಫ್ಲಾಟುಗಳ ಸೊಸೈಟಿಯವರು ಹಿಂದಿನ ಗೇಟಿನಿಂದ ಒಳಗೆ ಬಿಡುತ್ತಿದ್ದರು. ಕೆಲಸ ಮುಗಿದ ಮೇಲೆ ತೋಟಕ್ಕೆ ನೀರು ಬಿಡುವ ಪೈಪಿನಿಂದ ದೂರ ನಿಂತು ಅವನ ಮೈಮೇಲೆ ನೀರು ಹಾರಿಸುತ್ತಿದ್ದರು.

ಈ ನಡುವೆ ಹೆಣದ ಕೆಲಸ. ಸೇತುವೆಯಿಂದ ಹಾರಿದವರು, ಗಣಪತಿ ಬಿಡಲು ಹೋಗಿ ಜಾರಿದವರು, ರೈಲಿನಿಂದ ಬಿದ್ದವರು. ಹೆಣಕ್ಕೆ ಯಾವ ಮೀನುಗಾರನೂ ದೋಣಿ ಕೊಡುತ್ತಿರಲಿಲ್ಲ. ಮೀನು ಹಿಡಿಯುವ ದೋಣಿ, ಅದರಲ್ಲಿ ಹೆಣ ಹೇಗೆ ಹಾಕುವುದು? ಚನಿಯ ಮುಳುಗಿ, ಹೆಣದ ಕಾಲಿಗೆ ಹಗ್ಗ ಕಟ್ಟಿ, ಹಗ್ಗದ ತುದಿಯನ್ನು ತನ್ನ ಸೊಂಟಕ್ಕೆ ಸುತ್ತಿಕೊಂಡು ದಡಕ್ಕೆ ಈಜುತ್ತಿದ್ದ. ಹೆಣ ಹಿಂದಿನಿಂದ ಬರುತ್ತಿತ್ತು. ದಡದಲ್ಲಿ ಕಲ್ಲಿಗೆ ತಲೆ ಬಡಿಯುತ್ತಿತ್ತು. ಪೊಲೀಸರು ಮೂಗಿಗೆ ಕರವಸ್ತ್ರ ಹಿಡಿದುಕೊಂಡು, "ಶಾಬಾಸ್ ಚನಿಯಾ" ಅಂದು ಒಂದು ಕ್ವಾರ್ಟರ್ ಬಾಟಲಿ ಕೊಡುತ್ತಿದ್ದರು. ಅವನು ಕುಡಿಯುವುದು ಬಿಟ್ಟು ಹತ್ತು ವರ್ಷವಾಗಿತ್ತು. ಆದರೂ ಬಾಟಲಿಯನ್ನೇ ಕೊಡುತ್ತಿದ್ದರು. ಅವನು ಅದನ್ನು ಪಕ್ಕದ ಖೋಲಿಯವನಿಗೆ ಮಾರಿ ಅಕ್ಕಿ ತರುತ್ತಿದ್ದ.

ಹಿಂದಿನ ವರ್ಷದ ಜುಲೈಯಲ್ಲಿ ಚಾಳಿಗೆ ನೀರು ನುಗ್ಗಿತು. ಮಳೆ ಮತ್ತು ಉಬ್ಬರ ಒಟ್ಟಿಗೆ ಬಂದ ದಿನ ಹಾಗೇ ಆಗುತ್ತದೆ. ಚನಿಯ ಲಾರಿಯ ಟ್ಯೂಬಿಗೆ ಹಗ್ಗ ಕಟ್ಟಿ ಬೆಳಗಿನಿಂದ ಸಂಜೆಯವರೆಗೆ ಹತ್ತೊಂಬತ್ತು ಜನರನ್ನು ರಸ್ತೆಗೆ ತಲುಪಿಸಿದ. ಫ್ಲೈಓವರ್ ಮೇಲೆ ಕಾರು ನಿಲ್ಲಿಸಿದ್ದ ಒಬ್ಬ ಯುವಕ ಅದನ್ನೆಲ್ಲ ಮೊಬೈಲಿನಲ್ಲಿ ತೆಗೆದ. ಅವನ ಹೆಸರು ರಿತೇಶ್. ಡೋಂಬಿವಲಿಯಲ್ಲಿ ಎರಡು, ಠಾಣೆ ನಗರದಲ್ಲಿ ಒಂದು ಹೋಟೆಲು ಇರುವ ವಸಂತಕುಮಾರರ ಮಗ.

ವಸಂತಕುಮಾರರು ಚನಿಯನಿಗೆ ಗೊತ್ತಿಲ್ಲದವರಲ್ಲ. ಕಾರ್ಕಳದ ಹತ್ತಿರ ಅವರ ಅಜ್ಜನ ಮನೆಯಲ್ಲಿ ಚನಿಯನ ಅಪ್ಪ ಮೂಲದಾಳು, ತಲೆಮಾರಿನ ಜೀತ. ಅಪ್ಪನಿಗೆ ಅಂಗಳದ ಹೊರಗೆ, ತೆಂಗಿನ ಗರಟೆಯಲ್ಲಿ ಚಾ. ಚನಿಯ ಆ ಗರಟೆಯಿಂದ ತಪ್ಪಿಸಿಕೊಳ್ಳಬೇಕೆಂದೇ ಹದಿನೇಳನೇ ವಯಸ್ಸಿನಲ್ಲಿ ಮುಂಬಯಿ ಬಸ್ಸು ಹತ್ತಿದವನು. ಡೋಂಬಿವಲಿಯ ಹೋಟೆಲಿನಲ್ಲಿ ಮುಸುರೆ ತೊಳೆಯಲು ಕೆಲಸ ಕೇಳಿದಾಗ ವಸಂತಕುಮಾರರು ಅವನ ಅಪ್ಪನ ಹೆಸರು ಕೇಳಿದರು. ಹೇಳಿದ. "ಅಡುಗೆಮನೆಗೆ ಬೇಡ ಮಾರಾಯ, ಭಟ್ಟರು ಒಪ್ಪುವುದಿಲ್ಲ. ಹೊರಗಿನ ಗಟಾರ ನೋಡಿಕೋ" ಅಂದಿದ್ದರು. ಅವನು ಅಲ್ಲಿಂದ ರೇತಿಗೆ ಹೋದದ್ದು. ಆದರೂ ಬಾಯಲ್ಲಿ "ದಣಿ" ಉಳಿದುಬಿಟ್ಟಿತ್ತು. ಅವರನ್ನು ಕಂಡರೆ ತಾನಾಗಿ ಹೊರಗೆ ಬರುತ್ತಿತ್ತು.

ರಿತೇಶ್ ಮಾಡಿದ ವಿಡಿಯೋವನ್ನು ಊರೆಲ್ಲ ನೋಡಿತು. ದುಬೈಯಿಂದ, ಪುಣೆಯಿಂದ, ಘೋಡಬಂದರ್ ರಸ್ತೆಯ ಸೊಸೈಟಿಗಳಿಂದ ದೇಣಿಗೆ ಬಂತು. ವಸಂತಕುಮಾರರು ಒಂದು ಟ್ರಸ್ಟ್ ಮಾಡಿದರು. ಜೀವಜಲ ಸೇವಾ ಟ್ರಸ್ಟ್. ಖಾಡಿಯಲ್ಲಿ ಜನರನ್ನು ಉಳಿಸಲು ಒಂದು ಬೋಟು, ಅದನ್ನು ನಡೆಸಲು ಸ್ವಯಂಸೇವಕರು. ಟ್ರಸ್ಟಿನ ಫಲಕದ ಮೇಲೆ ಚನಿಯನ ಚಿತ್ರ ಹಾಕಿದರು. ಬರಿಮೈ, ಹೆಗಲ ಮೇಲೆ ಒಂದು ಕೂಸು. ಕತ್ತಿನ ಮೇಲಿನ ಭಾಗ ಇರಲಿಲ್ಲ. ಅಲ್ಲಿ ಟ್ರಸ್ಟಿನ ಮುದ್ರೆ ಬಂದಿತ್ತು.

ಚನಿಯನ ಮಗಳು ರಮಿತಾ ಅದನ್ನು ನೋಡಿ, "ಪಪ್ಪಾ, ಆಪ್‌ಕಾ ಸಿರ್ ಕಹಾಂ ಗಯಾ?" ಅಂದಳು. ತಲೆ ಎಲ್ಲಿ ಹೋಯಿತು ಎಂದು. ಅವಳು ಹುಟ್ಟಿದ್ದು ಇಲ್ಲಿ. ಮನೆಯ ಮಾತು ಅರ್ಥವಾಗುತ್ತಿತ್ತು, ಬಾಯಲ್ಲಿ ಹಿಂದಿಯೇ ಬರುತ್ತಿತ್ತು.

ಚನಿಯ ನಕ್ಕ. ಯಾಕೆಂದರೆ ಅದೇ ಟ್ರಸ್ಟು ರಮಿತಾಳ ನರ್ಸಿಂಗ್ ಕೋರ್ಸಿನ ಫೀ ಕಟ್ಟುತ್ತಿತ್ತು. ವಸಂತಕುಮಾರರು ಮನೆಗೆ ಕರೆಸಿ, ಹೆಂಡತಿ ಚಂಪಾ ಅವರ ಕೈಯಿಂದ ಪತ್ರ ಕೊಡಿಸಿ, ಫೋಟೋ ತೆಗೆಸಿ ಕೊಟ್ಟದ್ದು.

ಈ ವರ್ಷ ಜುಲೈ ಶುರುವಿನಲ್ಲಿ ಬೋಟು ಬಂತು. ಕಿತ್ತಳೆ ಬಣ್ಣ. ಹಿಂದೆ ಮೋಟಾರು. ಹತ್ತು ಜನ ಕೂರಬಹುದು. ಖಾಡಿ ದಂಡೆಯಲ್ಲೇ ತಗಡಿನ ಶೆಡ್ಡು ಕಟ್ಟಿ, ಬೀಗ ಹಾಕಿ, ಹುಲಗಪ್ಪ ಎಂಬ ಕೊಪ್ಪಳ ಕಡೆಯ ಮುದುಕನನ್ನು ಕಾವಲಿಗೆ ಇಟ್ಟರು. ಸ್ವಯಂಸೇವಕರು ಹನ್ನೆರಡು ಜನ. ರಿತೇಶ್ ಮತ್ತು ಅವನ ಗೆಳೆಯರು. ಎಲ್ಲರಿಗೂ ಒಂದೇ ಥರದ ಅಂಗಿ. ವಾಶಿಯ ಒಂದು ಈಜುಕೊಳದಲ್ಲಿ ನಾಲ್ಕು ದಿನ ತರಬೇತಿ.

ಚನಿಯ ಶೆಡ್ಡಿಗೆ ಹೋಗಿ ಬಾಗಿಲ ಬಳಿ ನಿಂತ.

"ಸಣ್ಣ ದಣಿ, ನನ್ನ ಹೆಸರು ಕೂಡ ಬರೆಯಿರಿ."

ರಿತೇಶ್ ಫಾರಂ ತೋರಿಸಿದ. "ಹತ್ತನೇ ಪಾಸ್ ಬೇಕು ಚನಿಯಾ. ಡಾಕ್ಟರ್ ಸರ್ಟಿಫಿಕೇಟ್ ಬೇಕು. ನಿನ್ನ ಒಂದು ಕಿವಿ ಕೇಳಲ್ಲ ಅಲ್ವಾ? ರೂಲ್ಸ್ ಇದೆ."

"ಈ ಖಾಡಿಯ ಅಡಿ ನನಗೆ ಗೊತ್ತು ದಣಿ. ಎಲ್ಲಿ ಗುಂಡಿ, ಎಲ್ಲಿ ಸುಳಿ, ಎಲ್ಲ."

"ಗೊತ್ತು, ಗೊತ್ತು. ಬೇಕಾದಾಗ ಕರೀತೀವಿ."

ಅವನು ಬೋಟಿನ ಅಂಚನ್ನು ಮುಟ್ಟಿ ನೋಡಲು ಕೈ ಚಾಚಿದ. ರಿತೇಶ್ ಆ ಕೈಯನ್ನು ನೋಡಿದ, ಅಷ್ಟೇ. ಆ ದಿನ ಬೆಳಗ್ಗೆ ಚನಿಯ ಟಾಕಿಗೆ ಇಳಿದು ಬಂದಿದ್ದ. ಕೈ ಹಿಂದಕ್ಕೆ ತೆಗೆದುಕೊಂಡ.

ಉದ್ಘಾಟನೆ ಜುಲೈ ಕೊನೆಯ ಭಾನುವಾರ ಎಂದು ಗೊತ್ತಾಯಿತು. ಅದಕ್ಕೆ ನಾಲ್ಕು ದಿನ ಮೊದಲು, ಬುಧವಾರ ಬೆಳಗ್ಗೆ ಹತ್ತು ಗಂಟೆಗೆ ನೀರು ಬಂತು.

ಮೊದಲು ಗಟಾರ ಉಕ್ಕಿತು. ಅರ್ಧ ಗಂಟೆಯಲ್ಲಿ ಸೊಂಟದವರೆಗೆ. ಗಂಡಸರು ಕೆಲಸಕ್ಕೆ ಹೋಗಿದ್ದರು. ಚಾಳಿನ ಕೊನೆಯ ಸಾಲು ಖಾಡಿಗೆ ಅಂಟಿಕೊಂಡದ್ದು. ಅಲ್ಲಿ ದ್ರೌಪದಿಯ ಖೋಲಿ. ಕಲಬುರಗಿ ಕಡೆಯವಳು, ಕಲ್ಯಾಣ ಮಾರ್ಕೆಟ್ಟಿನ ಮೆಟ್ಟಿಲ ಮೇಲೆ ಕೊತ್ತಂಬರಿ ಮಾರುತ್ತಿದ್ದಳು. ಒಂದು ಕಾಲು ಹುಟ್ಟಿನಿಂದಲೇ ಸೆಟೆದದ್ದು. ಚನಿಯನ ಹೆಂಡತಿ ಅಪ್ಪಿಗೆ ಅವಳೇ ಅಕ್ಕ, ಅವಳೇ ತಾಯಿ. ಅಪ್ಪಿಯ ಹೆರಿಗೆ ಮಾಡಿಸಿದವಳೂ ಅವಳೇ. ಆ ದಿನ ಆ ಸಾಲಿನ ಏಳು ಮಕ್ಕಳನ್ನು ದ್ರೌಪದಿ ತನ್ನ ಖೋಲಿಯ ಅಟ್ಟಕ್ಕೆ ಹತ್ತಿಸಿಕೊಂಡಿದ್ದಳು.

ಚನಿಯ ಶೆಡ್ಡಿಗೆ ಓಡಿದ. ಹುಲಗಪ್ಪ ಮೊಣಕಾಲು ನೀರಿನಲ್ಲಿ ಸ್ಟೂಲಿನ ಮೇಲೆ ನಿಂತಿದ್ದ.

"ಬೀಗ ತೆಗಿ ಹುಲಗಪ್ಪಣ್ಣ!"

"ಕೀಲಿ ನನ್ನ ಕಡೆ ಎಲ್ಲೈತೋ ಯಪ್ಪಾ! ಸಾಹುಕಾರ್ರ ಕಡೆ ಐತಿ. ತಡಿ, ಫೋನ್ ಹಚ್ಚತೀನಿ."

ಫೋನ್ ತಾಗಿತು. ಚನಿಯ ಅದನ್ನು ಕೇಳುವ ಕಿವಿಗೆ ಹಿಡಿದ.

"ದಣಿ, ಚಾಳಿಗೆ ನೀರು. ಏಳು ಮಕ್ಕಳು, ಒಬ್ಬಳು ಕುಂಟಿ. ಬೋಟು ಬೇಕು."

ಆ ಕಡೆಯಿಂದ ವಸಂತಕುಮಾರರು ಮೆಲ್ಲಗೆ, ಕೂಸಿಗೆ ಬುದ್ಧಿ ಹೇಳಿದ ಹಾಗೆ ಹೇಳಿದರು. "ನೋಡು ಚನಿಯಾ, ಬೋಟಿಗೆ ಇನ್ನೂ ಪೂಜೆ ಆಗಿಲ್ಲ. ಇನ್ಶೂರೆನ್ಸ್ ಶುರುವಾಗುವುದೇ ಭಾನುವಾರ. ದುಡ್ಡು ಕೊಟ್ಟವರೆಲ್ಲ ನೋಡಲು ಬರುತ್ತಾರೆ. ಕಲ್ಲಿಗೋ ತಗಡಿಗೋ ತಾಗಿ ಹರಿದರೆ ಅವರಿಗೆ ಏನು ತೋರಿಸಲಿ? ಫೈರ್ ಬ್ರಿಗೇಡಿಗೆ ನಾನು ಹೇಳುತ್ತೇನೆ. ನೀನು ಹೋದ ವರ್ಷ ಮಾಡಿದ ಹಾಗೆ ಮಾಡು. ನಿನಗೆ ಆಗುತ್ತದೆ."

ಫೋನ್ ಕಟ್ಟಾಯಿತು. ಚನಿಯ ಬೀಗಕ್ಕೆ ಒಂದು ಕಲ್ಲು ಎತ್ತಿದ. ಎತ್ತಿದ ಕೈ ಹಾಗೇ ನಿಂತಿತು. ರಮಿತಾಳ ಇನ್ನೂ ಒಂದೂವರೆ ವರ್ಷದ ಕೋರ್ಸು ಕಣ್ಣ ಮುಂದೆ ಬಂತು. ಅವನು ಕಲ್ಲನ್ನು ಕೆಳಗೆ ಬಿಟ್ಟ. ಇದನ್ನು ಅವನು ಆಮೇಲೆ ಯಾರಿಗೂ ಹೇಳಲಿಲ್ಲ, ಅಪ್ಪಿಗೆ ಬಿಟ್ಟು.

ಟ್ಯೂಬು ತಂದ. ದ್ರೌಪದಿಯ ಅಟ್ಟದಿಂದ ಎರಡು ಎರಡೇ ಮಕ್ಕಳು. ಟ್ಯೂಬಿನಲ್ಲಿ ಕೂರಿಸಿ, ಹಗ್ಗ ಹಲ್ಲಿನಲ್ಲಿ ಕಚ್ಚಿ, ಹರಿವಿಗೆ ಎದುರಾಗಿ ರಸ್ತೆಗೆ. ಒಂದು ಸಲಕ್ಕೆ ಕಾಲು ಗಂಟೆ. ನೀರಿನೊಳಗೆ ತಗಡು, ತಂತಿ, ಮುರಿದ ಮಂಚ. ತೊಡೆ ಸೀಳಿತು. ಬೋಟು ಇದ್ದಿದ್ದರೆ ಎಲ್ಲರನ್ನೂ ಒಂದೇ ಸಲಕ್ಕೆ ತರಬಹುದಿತ್ತು. ಪ್ರತಿ ಸಲವೂ ಅವನ ತಲೆಯಲ್ಲಿ ಅದೇ.

ಮೂರನೇ ಸಲ ಹೋದಾಗ ಅಟ್ಟದ ಮೇಲೆ ಮೂರು ಮಕ್ಕಳು, ದ್ರೌಪದಿ. ನೀರು ಅಟ್ಟದ ಹಲಗೆ ಮುಟ್ಟಿತ್ತು.

"ನೀನು ಬಾ ಅಕ್ಕಾ. ಟ್ಯೂಬು ಹಿಡಿದುಕೋ."

"ನಾ ಹಿಡಿದ್ರ ಟ್ಯೂಬ ಮುಳಗತೈತಿ. ಹುಡುಗ್ರನ್ನ ಒಯ್ಯಿ ಮೊದಲ. ನಾ ಎಲ್ಲಿ ಓಡಿ ಹೋಗಲಿ ಈ ಕಾಲು ತಗೊಂಡು?" ಅಂದು ನಕ್ಕಳು.

ಅವನು ಮೂರೂ ಮಕ್ಕಳನ್ನು ಒಯ್ದ. ರಸ್ತೆಗೆ ಮುಟ್ಟಿಸಿ ತಿರುಗುವಾಗ ತಗಡು ಕಿರುಗುಟ್ಟಿದ ಸದ್ದು. ಕೊನೆಯ ಸಾಲು ಖಾಡಿಯ ಕಡೆಗೆ ವಾಲಿತು. ಒಂದೊಂದೇ ಖೋಲಿಯಲ್ಲ, ಇಡೀ ಸಾಲು.

ದ್ರೌಪದಿಯನ್ನು ಅವನೇ ಹುಡುಕಿದ. ಎರಡು ಗಂಟೆಯಲ್ಲಿ ಹನ್ನೊಂದು ಸಲ ಮುಳುಗಿದ. ಅವಳ ಸೀರೆ ತಗಡಿನ ಕಂಬಕ್ಕೆ ಸಿಕ್ಕಿಕೊಂಡಿತ್ತು. ಕಾಲಿಗೆ ಹಗ್ಗ ಕಟ್ಟಲಿಲ್ಲ. ಟ್ಯೂಬಿನ ಮೇಲೆ ಮಲಗಿಸಿ ತಂದ. ಫೈರ್ ಬ್ರಿಗೇಡ್ ಸಂಜೆ ಬಂತು.

ಪೇಪರಿನಲ್ಲಿ ಒಂದು ಸಾಲು ಬಂತು. ಮಹಿಳೆ ಸಾವು. ಅದರ ಕೆಳಗೆ, ಭಾನುವಾರ ರಕ್ಷಣಾ ಬೋಟಿನ ಉದ್ಘಾಟನೆ.

ಶುಕ್ರವಾರ ರಿತೇಶ್ ಚಾಳಿಗೆ ಬಂದ. ಕೆಸರಿನಲ್ಲಿ ಬೂಟು ಹಾಳಾಗದಂತೆ ಇಟ್ಟಿಗೆಯಿಂದ ಇಟ್ಟಿಗೆಗೆ ಹಾರುತ್ತಾ ಬಂದ. ಅಪ್ಪಿ ಹೊಲಿಗೆ ಬಿಟ್ಟ ಹಾಸಿಗೆಯನ್ನು ಹಿಂಡುತ್ತಿದ್ದಳು. ಅವನನ್ನು ನೋಡಿಯೂ ಎದ್ದು ನಿಲ್ಲಲಿಲ್ಲ.

"ಚನಿಯಾ, ಭಾನುವಾರ ಒಂದು ಡೆಮೊ ಇದೆ. ಬೋಟು ಹೇಗೆ ಜೀವ ಉಳಿಸುತ್ತೆ ಅಂತ ಗೆಸ್ಟುಗಳಿಗೆ ತೋರಿಸಬೇಕು. ಯಾರಾದ್ರೂ ಮುಳುಗೋ ಥರ ಮಾಡಬೇಕಲ್ಲ. ನಮ್ಮ ಹುಡುಗರಿಗೆ ಈ ಖಾಡಿ ಆಗಲ್ಲ, ನೀರು ಕೊಳಕು, ಸುಳಿ ಬೇರೆ. ನೀನು ಮಾಡು. ಐದು ನಿಮಿಷದ ಕೆಲಸ. ಬಚಾವ್ ಬಚಾವ್ ಅನ್ನಬೇಕು. ನಾವು ಬಂದು ಎಳ್ಕೋತೀವಿ."

ಚನಿಯ ತೊಡೆಗೆ ಸುತ್ತಿದ್ದ ಬಟ್ಟೆಯನ್ನು ಬಿಗಿದುಕೊಂಡ.

"ಡ್ಯಾಡಿ ಹೇಳಿ ಕಳಿಸಿದ್ರು. ರಮಿತಾಳ ಮುಂದಿನ ಸೆಮಿಸ್ಟರ್ ಪೇಪರಿಗೆ ಸೈನ್ ಆಗೋದಿದೆ ಅಂತಾನೂ ಹೇಳು ಅಂದ್ರು."

"ಬರುತ್ತೇನೆ ದಣಿ" ಅಂದ ಚನಿಯ.

ರಿತೇಶ್ ಹೋದ ಮೇಲೆ ಅಪ್ಪಿ ಹಾಸಿಗೆಯನ್ನು ಕೆಸರಿಗೇ ಬಿಟ್ಟಳು. "ದ್ರೌಪದಕ್ಕ ಸತ್ತು ಮೂರು ದಿನ ಆಗಲಿಲ್ಲ. ಅವಳನ್ನು ಮುಳುಗಿಸಿದವರ ಮುಂದೆ ನೀವು ಮುಳುಗುವ ಆಟ ಆಡುತ್ತೀರಾ?"

"ಮಗಳದ್ದು ಇದೆಯಲ್ಲ."

"ಮಗಳ ಹೆಸರು ಹೇಳಿ ಹೇಳಿ ನಿಮ್ಮ ಬೆನ್ನು ಎಷ್ಟು ಬಗ್ಗಿದೆ ನೋಡಿಕೊಂಡಿದ್ದೀರಾ?"

ಚನಿಯ ಕೆಸರಿಗೆ ಬಿದ್ದ ಹಾಸಿಗೆಯನ್ನು ಎತ್ತಿ ಹಿಂಡಲು ಕೂತ.

ಭಾನುವಾರ ಮಳೆ ಇರಲಿಲ್ಲ. ಖಾಡಿ ದಂಡೆಯಲ್ಲಿ ಶಾಮಿಯಾನ. ಕುರ್ಚಿಗಳಿಗೆ ಬಿಳಿ ಬಟ್ಟೆ. ಕೆಸರಿನ ಮೇಲೆ ಕೆಂಪು ಜಮಖಾನೆ. ದೇಣಿಗೆ ಕೊಟ್ಟವರು ಮೊದಲ ಸಾಲಿನಲ್ಲಿ, ಪತ್ರಿಕೆಯವರು ಬದಿಯಲ್ಲಿ. ಚಾಳಿನವರು ಹಗ್ಗದ ಆಚೆ. ಚಂಪಾ ಬೋಟಿಗೆ ಆರತಿ ಎತ್ತಿದರು. ಪುರೋಹಿತ ಭಟ್ಟರು ತೆಂಗಿನಕಾಯಿ ಒಡೆದು, ಬೋಟಿನ ಮೂತಿಗೆ ಕುಂಕುಮ ಹಚ್ಚಿ, ಒಳಗೆ ಹೂವು ಹರಡಿದರು. ವಸಂತಕುಮಾರರು ಮೈಕಿನಲ್ಲಿ ಮಾತಾಡಿದರು. ಜೀವ ಉಳಿಸುವುದಕ್ಕಿಂತ ದೊಡ್ಡ ಪುಣ್ಯ ಇಲ್ಲ ಅಂದರು. ದ್ರೌಪದಿಯ ಹೆಸರು ಎತ್ತಲಿಲ್ಲ.

ಚನಿಯ ಚಡ್ಡಿಯಲ್ಲಿ ನೀರಿಗೆ ಇಳಿದ. ತೊಡೆಯ ಗಾಯಕ್ಕೆ ಉಪ್ಪುನೀರು ಚುಚ್ಚಿತು. ದಡದಿಂದ ಐವತ್ತು ಗಜ ದೂರ ಈಜಿ ತೇಲುತ್ತಾ ನಿಂತ. ಸೀಟಿ ಊದಿದರು. ಅವನು ಕೈ ಬಡಿದ.

"ಜೋರಾಗಿ!" ಮೈಕಿನಲ್ಲಿ ಯಾರೋ ಕೂಗಿದರು. "ಕೇಳಿಸ್ತಿಲ್ಲ!"

"ಬಚಾವ್" ಅಂದ. "ಬಚಾವ್!"

ಮೊದಲ ಸಾಲಿನಲ್ಲಿ ಮಕ್ಕಳು ನಕ್ಕರು. ಬೋಟು ಹೊರಟಿತು. ಕಿತ್ತಳೆ ಜಾಕೆಟ್ಟು ತೊಟ್ಟ ಆರು ಜನ. ರಿತೇಶ್ ಮುಂದೆ ನಿಂತಿದ್ದ. ಹಗ್ಗ ಕಟ್ಟಿದ, ನೀರಲ್ಲಿ ತೇಲುವ ದೊಡ್ಡ ಬಳೆಯನ್ನು ಎಸೆದರು. ಅದು ಚನಿಯನ ತಲೆಗೆ ತಾಗಿತು. ಮತ್ತೆ ನಗು. ಅವನು ಬಳೆ ಹಿಡಿದ. ಅವರು ಎಳೆದರು. ಬೋಟಿನ ಅಂಚು ಸಿಕ್ಕಿತು. ಅವನು ಎರಡೂ ಕೈ ಇಟ್ಟು ಮೈ ಎತ್ತಿದ.

"ಒಳಗೆ ಬೇಡ, ಬೇಡ!" ರಿತೇಶ್ ಅವನ ಬೆರಳುಗಳನ್ನು ಅಂಚಿನಿಂದ ಬಿಡಿಸಿದ. "ಬಳೇನೇ ಹಿಡ್ಕೋ. ನಾವು ಹಾಗೇ ಎಳೀತೀವಿ."

ಅಷ್ಟರಲ್ಲಿ ದಡದಿಂದ ವಸಂತಕುಮಾರರ ದನಿ ಮೈಕಿನಲ್ಲಿ ಬಂತು. ಮರಾಠಿ ಬಿಟ್ಟು ತುಳುವಿಗೆ ಹೊರಳಿತ್ತು. ಗೆಸ್ಟುಗಳಿಗೆ ತಿಳಿಯಬಾರದೆಂದು.

"ಅವನನ್ನು ಹತ್ತಿಸಬೇಡಿ. ಪೂಜೆ ಆದದ್ದು. ದಡಕ್ಕೆ ಎಳೆದು ತನ್ನಿ, ಸಾಕು."

ಗೆಸ್ಟುಗಳಿಗೆ ತಿಳಿಯಲಿಲ್ಲ. ಚನಿಯನಿಗೆ ತಿಳಿಯಿತು. ಅದು ಅವನ ಅಪ್ಪನಿಗೆ ಅಂಗಳದಲ್ಲಿ ಹೇಳುತ್ತಿದ್ದ ಭಾಷೆ. ಅದೇ ರಾಗ.

ಬೋಟು ಹೊರಟಿತು. ಹಗ್ಗ ಬಿಗಿಯಾಯಿತು. ಚನಿಯ ಹಿಂದಿನಿಂದ ಎಳೆಯಲ್ಪಟ್ಟ. ಮೂಗಿಗೆ, ಬಾಯಿಗೆ ನೀರು. ಮೋಟಾರಿನ ಹೊಗೆ. ದಡದಲ್ಲಿ ಚಪ್ಪಾಳೆ. ಅವನು ಎಷ್ಟು ಹೆಣಗಳನ್ನು ಹೀಗೆ ತಂದಿದ್ದ! ಕಾಲಿಗೆ ಹಗ್ಗ, ತಲೆ ಕಲ್ಲಿಗೆ. ಹೆಣಕ್ಕೆ ಹೇಗಿರುತ್ತದೆ ಎಂದು ಈಗ ಗೊತ್ತಾಯಿತು.

ಚನಿಯ ಕೈ ಬಿಟ್ಟ.

ಕೆಳಗೆ ಹೋದ. ಯೋಚನೆ ಮಾಡಿ ಹೋದದ್ದಲ್ಲ. ಮೈಗೆ ಆ ದಾರಿ ಗೊತ್ತಿತ್ತು. ಇಪ್ಪತ್ತು ಅಡಿಯಲ್ಲಿ ಕೆಸರು ಸಿಕ್ಕಿತು. ಎರಡೂ ಕೈಯನ್ನು ಕೆಸರಿನೊಳಗೆ ಊರಿ ಹಿಡಿದುಕೊಂಡ. ಕತ್ತಲು. ಎದೆ ಬಡಿಯುತ್ತಿತ್ತು. ಅಲ್ಲಿ ಯಾರ ದನಿಯೂ ಇರಲಿಲ್ಲ. ಒಂದು ಬಾಲ್ದಿ ತುಂಬುವಷ್ಟು ಹೊತ್ತು ಇದ್ದ. ಎರಡು ಬಾಲ್ದಿ. ಮೋಟಾರು ನಿಂತ ಸದ್ದು ನೀರಿನಲ್ಲಿ ಬಂತು. ಯಾರಾದರೂ ಹಾರಿದರೆ ನೀರು ಹೇಳುತ್ತದೆ. ಹೇಳಲಿಲ್ಲ. ಎದೆ ಸುಡಲು ಶುರುವಾಯಿತು. ಇನ್ನೂ ಇದ್ದ. ಯಾರೂ ಹಾರಲಿಲ್ಲ.

ಆಮೇಲೆ ಬೋಟಿನ ಆಚೆ ಬದಿಗೆ, ದಡಕ್ಕೆ ಕಾಣದ ಕಡೆ, ಮೂಗಷ್ಟೇ ಮೇಲೆತ್ತಿ ಉಸಿರೆಳೆದ. ಒಳಗಿನ ಮಾತು ಕೇಳಿಸಿತು.

"ನೀನು ಇಳಿ."

"ನಾನ್ಯಾಕೆ? ಕರೆಂಟ್ ನೋಡು. ನೀನೇ ಲೀಡರ್."

"ಅವನಿಗೆ ಈಜು ಬರುತ್ತೆ ಕಣೋ."

"ಎರಡು ನಿಮಿಷದ ಮೇಲಾಯ್ತು."

ದಡದಿಂದ ಮೈಕು. "ಮೊದಲು ಬೋಟನ್ನು ಈಚೆ ತನ್ನಿ. ರಿತೇಶ್, ನೀನು ಅಂಚಿಗೆ ಹೋಗಬೇಡ. ಬೋಟನ್ನು ಈಚೆ ತನ್ನಿ!"

ಹಗ್ಗದ ಆಚೆಯಿಂದ ಅಪ್ಪಿಯ ಕೂಗು. ಅದು ನಾಟಕದ ಕೂಗಲ್ಲ.

ಚನಿಯ ಅಂಚಿಗೆ ಕೈ ಹಾಕಿ ಒಂದೇ ನೆಗೆತಕ್ಕೆ ಬೋಟಿನೊಳಗೆ ಬಿದ್ದ. ಹುಡುಗರು ಕಿರುಚಿದರು. ಅವನ ಕೈಯಲ್ಲಿ, ಎದೆಯಲ್ಲಿ, ಬಾಯಲ್ಲಿ ಖಾಡಿಯ ಕರಿ ಕೆಸರು. ಅದು ಹೂವಿನ ಮೇಲೆ, ಕುಂಕುಮದ ಮೇಲೆ ಸುರಿಯಿತು. ಅವನು ನಡುವಿನ ಹಲಗೆಯ ಮೇಲೆ ಕೂತ. ಕೆಮ್ಮಿದ. ಉಗಿದ.

ಬೋಟು ದಡಕ್ಕೆ ತಾಗಿತು. ಹುಡುಗರು ಒಬ್ಬರ ಮೇಲೊಬ್ಬರು ಇಳಿದರು. ವಸಂತಕುಮಾರರು ಜಮಖಾನೆಯ ತುದಿಗೆ ಬಂದು ನಿಂತರು.

"ಇಳಿಯೋ!"

"ಇಳಿಯುವುದಿಲ್ಲ."

"ಏನು ನಾಟಕ ಇದು?"

"ನಾಟಕ ನಿಮ್ಮದು. ನಾನು ಮುಳುಗಿದೆ. ನಿಮ್ಮ ಹನ್ನೆರಡು ಜನರಲ್ಲಿ ಒಬ್ಬನೂ ಕಾಲು ಒದ್ದೆ ಮಾಡಿಕೊಳ್ಳಲಿಲ್ಲ." ಅವನ ದನಿ ಏರಲಿಲ್ಲ. "ನಾನು ಸತ್ತಿದ್ದರೆ ನನ್ನ ಹೆಣ ತೆಗೆಯಲು ಯಾರನ್ನು ಕರೆಯುತ್ತಿದ್ದಿರಿ?"

ದಣಿ ಎನ್ನುವ ಮಾತು ಬಾಯಿಗೆ ಬರಲಿಲ್ಲ. ಬರದಿದ್ದದ್ದು ಅವನಿಗೇ ಆಮೇಲೆ ಗೊತ್ತಾಯಿತು.

ಅಪ್ಪಿ ಹಗ್ಗ ದಾಟಿ ಬಂದಳು. ಸೀರೆ ಮೊಣಕಾಲಿಗೆ ಎತ್ತಿ ಬೋಟು ಹತ್ತಿ ಗಂಡನ ಪಕ್ಕ ಕೂತಳು. ಪತ್ರಿಕೆಯವರ ಕಡೆ ತಿರುಗಿ ತನಗೆ ಬರುವ ಮುರುಕು ಹಿಂದಿಯಲ್ಲಿ ಬುಧವಾರದ ಕಥೆ ಹೇಳಿದಳು. ಬೀಗ, ಫೋನು, ಇನ್ಶೂರೆನ್ಸು, ಏಳು ಮಕ್ಕಳು, ದ್ರೌಪದಿ. ಆ ಮಕ್ಕಳ ತಾಯಂದಿರು ಒಬ್ಬೊಬ್ಬರೇ ಬಂದು ಹತ್ತಿದರು. ಬೋಟು ತುಂಬಿತು. ಯಾರೂ ಘೋಷಣೆ ಕೂಗಲಿಲ್ಲ. ಸುಮ್ಮನೆ ಕೂತರು. ಮೊದಲ ಸಾಲಿನವರು ಕಾರಿನ ಕಡೆಗೆ ನಡೆದರು.

ಅರ್ಧ ಗಂಟೆಗೆ ಪೊಲೀಸರು ಬಂದರು. ಹೆಂಗಸರನ್ನು ಇಳಿಸಿದರು. ಚನಿಯನ ಬೆನ್ನಿಗೆ ಎರಡು ಲಾಠಿ ಏಟು ಕೊಟ್ಟು, ಅವನನ್ನು ಜೀಪಿಗೆ ಹಾಕಿದರು.

ಪೊಲೀಸ್ ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಒಂದು ಕಾಗದ ಬರೆಸಿದ. ಕುಡಿದ ಅಮಲಿನಲ್ಲಿ ಸಮಾರಂಭ ಕೆಡಿಸಿದೆ, ತಪ್ಪಾಯಿತು, ಕ್ಷಮಿಸಿ ಎಂದು. ವಸಂತಕುಮಾರರು ಕುರ್ಚಿಯಲ್ಲಿ ಕೂತಿದ್ದರು. ಚನಿಯ ನೆಲದ ಮೇಲೆ. ರಮಿತಾ ಹಾಸ್ಟೆಲಿನಿಂದ ಲೋಕಲ್ ಹಿಡಿದು ಬಂದು ಬಾಗಿಲಲ್ಲಿ ನಿಂತಿದ್ದಳು.

"ಸಹಿ ಹಾಕು, ಮನೆಗೆ ಹೋಗು" ಅಂದ ಇನ್ಸ್‌ಪೆಕ್ಟರ್ ಮರಾಠಿಯಲ್ಲಿ. ಅವನಿಗೂ ಬೇಜಾರಾಗಿತ್ತು. ಚನಿಯ ಕುಡಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

"ನಾನು ಕುಡಿದಿಲ್ಲ ಸಾಹೇಬ್."

ವಸಂತಕುಮಾರರು ಬಾಗಿಲ ಕಡೆ ನೋಡಿದರು. "ಹುಡುಗಿ ಚೆನ್ನಾಗಿ ಓದುತ್ತಾಳೆ ಚನಿಯಾ. ಇನ್ನು ಒಂದೂವರೆ ವರ್ಷ. ಒಂದು ಸಹಿಗೆ ಅವಳ ಬಾಳು ಹಾಳು ಮಾಡಬೇಡ."

ಚನಿಯನ ಕೈ ಪೆನ್ನಿನ ಕಡೆ ಹೋಯಿತು. ಹೋದದ್ದು ನಿಜ. ರಮಿತಾ ಒಳಗೆ ಬಂದು ಆ ಕೈ ಹಿಡಿದುಕೊಂಡಳು.

"ಪಪ್ಪಾ, ಸೈನ್ ಮತ್ ಕರೋ. ದ್ರೌಪದಿ ಮೌಸಿ ಕೋ ಮೈ ಕ್ಯಾ ಮುಂಹ ದಿಖಾವೂಂ?" ಸಹಿ ಹಾಕಬೇಡಿ, ದ್ರೌಪದಿಗೆ ಯಾವ ಮುಖ ತೋರಿಸಲಿ ಅಂದಳು. ಆಮೇಲೆ ವಸಂತಕುಮಾರರನ್ನು ನೋಡಿ, ಹುಡುಕಿ ಹುಡುಕಿ ಕನ್ನಡದಲ್ಲಿ ಹೇಳಿದಳು. "ನಿಮ್ಮ ಫೀ ಬೇಡ. ನಿಮ್ಮ ಪತ್ರ ವಾಪಸ್ ಕೊಡ್ತೇನೆ."

ವಸಂತಕುಮಾರರು ಎದ್ದು ಹೋದರು. ಅವರು ಹೇಳಿದ ಹಾಗೇ ಆಯಿತು. ಮರುವಾರ ರಮಿತಾಳ ಹೆಸರು ಕಾಲೇಜಿನಿಂದ ಹೋಯಿತು. ಅವಳೀಗ ಡೋಂಬಿವಲಿಯ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ. ನರ್ಸುಗಳು ಚುಚ್ಚಿ ಬಿಸಾಡಿದ ಸೂಜಿಗಳನ್ನು ಹೆಕ್ಕುತ್ತಾಳೆ. ಅಪ್ಪನ ಮುಂದೆ ಒಂದು ದಿನವೂ ಆ ಮಾತು ಎತ್ತಿಲ್ಲ. ಅದೇ ಚನಿಯನಿಗೆ ಹೆಚ್ಚು ಸುಡುತ್ತದೆ.

ಆದರೆ ಆ ದಿನ ಮುಗಿದಿರಲಿಲ್ಲ. ಅವನನ್ನು ಲಾಕಪ್ಪಿಗೆ ಹಾಕಿದರು. ಮಧ್ಯಾಹ್ನ ಮೂರು ಗಂಟೆಗೆ ಫೋನು ಬಡಿದುಕೊಂಡಿತು. ಒಬ್ಬ ಹೆಂಗಸು ಸೇತುವೆಯಿಂದ ಹಾರಿದ್ದಳು. ಅರ್ಧ ಗಂಟೆಯಾದರೂ ಮೇಲೆ ಬಂದಿಲ್ಲ. ಸೇತುವೆಯ ಎರಡೂ ಕಡೆ ಜನ ನಿಂತು ಗಾಡಿಗಳು ಭಿವಂಡಿ ನಾಕಾದವರೆಗೆ ಸಾಲುಗಟ್ಟಿದ್ದವು. ಬೆಳಗ್ಗೆ ಉದ್ಘಾಟನೆಗೆ ಬಂದಿದ್ದ ಪತ್ರಿಕೆಯವರೂ ಅಲ್ಲೇ ಇದ್ದರು.

ಇನ್ಸ್‌ಪೆಕ್ಟರ್ ಲಾಕಪ್ಪಿನ ಬಾಗಿಲು ತೆಗೆದ. ಕೈಯಲ್ಲಿ ಹಗ್ಗದ ಸುರುಳಿ.

"ಚಲ್ ಚನಿಯಾ."

ಚನಿಯ ಗೋಡೆಗೆ ಒರಗಿ ಕೂತಿದ್ದ. ಬೆನ್ನಿನ ಬಾಸುಂಡೆ ತಣ್ಣನೆಯ ಗೋಡೆಗೆ ಹಿತವಾಗಿತ್ತು. ಅವನು ಅಲುಗಲಿಲ್ಲ.

"ನಾನು ಕುಡಿದಿದ್ದೇನೆ ಅಂತ ಬರೆದಿದ್ದೀರಲ್ಲ ಸಾಹೇಬ್. ಕುಡಿದವನನ್ನು ನೀರಿಗೆ ಇಳಿಸುತ್ತೀರಾ?"

ಇನ್ಸ್‌ಪೆಕ್ಟರ್ ಬೈದ. ತಾಯಿಯನ್ನು ಬೈದ, ಜಾತಿಯನ್ನು ಬೈದ. ಲಾಠಿ ಎತ್ತಿದ. ಎತ್ತಿದವನು ಇಳಿಸಿದ. ಹೊಡೆದು ಕೈ ಮುರಿದರೆ ಮುಳುಗುವವರು ಯಾರು?

"ಏನು ಬೇಕು ನಿನಗೆ?"

"ಆ ಕಾಗದ ಹರಿಯಿರಿ. ಹಗ್ಗ ಒಳಗಿಡಿ. ಆ ಹೆಂಗಸನ್ನು ನಾನು ನಾಯಿಯ ಹಾಗೆ ಎಳೆದು ತರುವುದಿಲ್ಲ. ಬೋಟು ನೀರಿಗೆ ಇಳಿಯಲಿ. ಅವಳನ್ನು ಅದರಲ್ಲಿ ಮಲಗಿಸಿ ತರುತ್ತೇನೆ."

"ಅವರು ಹೆಣಕ್ಕೆ ಬೋಟು ಕೊಡುತ್ತಾರೇನೋ? ಹುಚ್ಚು ಹಿಡಿದಿದೆಯಾ?"

"ಕೇಳಿ ನೋಡಿ. ಪತ್ರಿಕೆಯವರು ಇದ್ದಾರಂತಲ್ಲ. ಅವರ ಮುಂದೆ ಕೇಳಿ."

ಹಾರಿದವಳು ಯಾರೋ. ಅವಳಿಗೂ ಮನೆಯಿರಬಹುದು, ದಡದಲ್ಲಿ ಯಾರಾದರೂ ಎದೆ ಬಡಿದುಕೊಳ್ಳುತ್ತಿರಬಹುದು. ಚನಿಯ ಅದನ್ನೂ ಯೋಚಿಸಿದ. ಮೈ ಎದ್ದು ಓಡಲು ತುಡಿಯಿತು. ಅವನು ಎರಡೂ ಅಂಗೈಯನ್ನು ನೆಲಕ್ಕೆ ಒತ್ತಿ ಹಿಡಿದು ಕೂತೇ ಇದ್ದ.

ಇನ್ಸ್‌ಪೆಕ್ಟರ್ ಹೊರಗೆ ಹೋಗಿ ವಸಂತಕುಮಾರರ ಜೊತೆ ಫೋನಿನಲ್ಲಿ ಕೂಗಾಡಿದ. ಮೊದಲು ಬೇಡಿಕೊಂಡ, ಆಮೇಲೆ ಗದರಿಸಿದ. ಬಂದು ಕಾಗದವನ್ನು ಲಾಕಪ್ಪಿನ ಬಾಗಿಲಲ್ಲೇ ನಾಲ್ಕು ತುಂಡು ಮಾಡಿದ. ಚನಿಯ ತುಂಡುಗಳನ್ನು ಒಂದೊಂದಾಗಿ ಹೆಕ್ಕಿ ಚಡ್ಡಿಯ ಜೇಬಿಗೆ ತುರುಕಿದ. ಮತ್ತೆ ಕೂತ.

"ಇನ್ನೇನು? ಏಳೋ!"

"ಬೋಟು?"

"ಬರುತ್ತೆ ಅಂದಿದ್ದಾರೆ."

"ಬರಲಿ."

ಇಪ್ಪತ್ತು ನಿಮಿಷ. ಅರ್ಧ ಗಂಟೆ. ಇನ್ಸ್‌ಪೆಕ್ಟರ್ ಬಾಗಿಲಿಗೂ ಫೋನಿಗೂ ನಡೆದಾಡಿದ. ಚನಿಯನಿಗೆ ಯಾರೋ ಚಾ ತಂದಿಟ್ಟರು. ಅವನು ಮುಟ್ಟಲಿಲ್ಲ. ಕೊನೆಗೆ ಒಬ್ಬ ಕಾನ್‌ಸ್ಟೇಬಲ್ ಏದುಸಿರು ಬಿಡುತ್ತಾ ಓಡಿ ಬಂದ. ಸಾಹುಕಾರರಿಂದ ಕೀಲಿ ಬಂತು, ಹುಲಗಪ್ಪ ಶೆಡ್ಡಿನ ಬೀಗ ತೆಗೆದಿದ್ದಾನೆ, ಬೋಟು ನೀರಿಗೆ ಇಳಿದಿದೆ, ನಾನೇ ನೋಡಿದೆ ಅಂದ.

ಆಗ ಚನಿಯ ಎದ್ದ.